ಮಾವನ ಬಿಡಿಭಾಗ

ವಿಮಾನಕ್ಕೆ ಸೇರುವ ಯಾವುದೇ ವಸ್ತು, ಅದು ರೆಕ್ಕೆಯೇ ಆಗಿರಲಿ ರಬ್ಬರ್ ವಾಷರೇ ಆಗಿರಲಿ, ಖರೀದಿ ವಿಭಾಗದ ಬಾಗಿಲಿನಿಂದಲೇ ಕಾರ್ಖಾನೆಯ ಒಳಗೆ ಬರತಕ್ಕದ್ದು. ಹಿಂದೆ ಮನುಷ್ಯರಿಗೆ ಮಾತ್ರ ನೇಮಕಾತಿ ವಿಭಾಗವೆಂಬ ಬೇರೆ ಬಾಗಿಲಿತ್ತು. ಆ ವಿಭಾಗದಲ್ಲಿದ್ದ ಒಬ್ಬರೇ ಒಬ್ಬರು ನಿವೃತ್ತರಾದರು. ಅವರ ಜಾಗಕ್ಕೆ ಇನ್ನೊಬ್ಬರನ್ನು ನೇಮಿಸಬೇಕಾದವರೂ ಅವರೇ ಆಗಿದ್ದರಿಂದ ವಿಭಾಗವನ್ನು ಮುಚ್ಚಲಾಯಿತು. ಅಂದಿನಿಂದ ಎಂಜಿನಿಯರುಗಳನ್ನೂ ಖರೀದಿ ವಿಭಾಗವೇ ತರಿಸಿಕೊಳ್ಳುತ್ತಿದೆ. ಇದರಿಂದ ಯಾರಿಗೂ ತೊಂದರೆಯಾದ ವರದಿ ಇಲ್ಲ.

ಪತ್ರಿಕೆಯಲ್ಲಿ ಬಂದ ಪ್ರಕಟಣೆ ಹೀಗಿತ್ತು: "ಬೇಕಾಗಿದೆ. ಡಿಸೈನ್ ಎಂಜಿನಿಯರ್, ಒಂದು ನಗ. ಹೊಸದಾಗಿರಬೇಕು; ಆದರೆ ಹಿಂದೆ ಹಾರಿದ ಅನುಭವ ಇರಬೇಕು. ತಯಾರಾದ ದಿನದಿಂದ ಮೂವತ್ತು ವರ್ಷ ಮೀರಿರಬಾರದು. ತುಕ್ಕು ಇರಬಾರದು. ತಯಾರಕರು ಖುದ್ದಾಗಿ ಹಾಜರಿರತಕ್ಕದ್ದು."

ಅಭ್ಯರ್ಥಿಗೆ ತಿಂಗಳ ಕೊನೆಗೆ ಮೂವತ್ತು ತುಂಬುವುದಿತ್ತು. ವಿಮಾನದ ವಿನ್ಯಾಸವನ್ನೇ ಓದಿದವನು. ಹೊಟ್ಟೆಪಾಡಿಗೆ ಫ್ರಿಜ್ಜಿನ ಬಾಗಿಲುಗಳ ನಕ್ಷೆ ಬರೆಯುತ್ತಿದ್ದ. ಒಳ್ಳೆಯ ಬಾಗಿಲುಗಳೇ. ಆದರೆ ಫ್ರಿಜ್ಜು ಹಾರುವುದಿಲ್ಲ ಎಂಬ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ವಿಮಾನದಲ್ಲಿ ತಲೆಯ ಮೇಲೆ ಸಾಮಾನಿಡುವ ಪೆಟ್ಟಿಗೆಯ ಮುಚ್ಚಳಕ್ಕೆ ಅವನು ಕಾಲೇಜಿನಲ್ಲೇ ಒಂದು ಹಗುರವಾದ ಕೀಲು ಬರೆದಿಟ್ಟಿದ್ದ. ಈ ಕೆಲಸವೂ ಕೈತಪ್ಪಿದರೆ ಜೀವನವಿಡೀ ಫ್ರಿಜ್ಜೇ ಗತಿ ಎಂದು ಅವನಿಗೆ ಗೊತ್ತಿತ್ತು.

ಅವನ ಅಮ್ಮ ದರ್ಜಿ. ಹೊಲಿಗೆ ಯಂತ್ರ ನಿಲ್ಲಿಸದೆಯೇ ಪ್ರಕಟಣೆಯನ್ನು ಕೇಳಿಸಿಕೊಂಡಳು.

"ತಯಾರಕರು ಅಂದ್ರೆ ಯಾರೋ?"

"ನೀನೇ ಅಮ್ಮ."

"ಕೊನೆಗೂ ಯಾರೋ ಒಬ್ರು ಕೇಳಿದ್ರಲ್ಲ," ಎಂದು ಅಮ್ಮ ದಾರ ಕಚ್ಚಿ ಎದ್ದಳು.

ಹೊರಡುವಾಗ ಗೂಟ ಮಾವನೂ ಜೊತೆಗೆ ಬಂದ. ಗೂಟ ಮಾವ ಅಂದರೆ ಅಮ್ಮನ ತಮ್ಮ. ಹಿಂದೊಮ್ಮೆ ನಾಲ್ಕು ದಿನವಿದ್ದು ಹೋಗುತ್ತೇನೆಂದು ಬಂದವನು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ; ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಅದಕ್ಕೆ ಮೊದಲು ಅವನು ಸೈಕಲ್ ಅಂಗಡಿಯಲ್ಲೂ ಫೋಟೋ ಸ್ಟುಡಿಯೋದಲ್ಲೂ ಹೀಗೇ ಕೂತಿದ್ದ. ಎರಡೂ ಮುಚ್ಚಿಹೋದವು, ಮಾವ ಮಾತ್ರ ಕೂತೇ ಇದ್ದ. ಅವನು ಯಾಕೆ ಬರುತ್ತಾನೆಂದು ಯಾರೂ ಕೇಳಲಿಲ್ಲ. ಬರಬೇಡ ಎನ್ನಲು ಯಾರಿಗೂ ನೆನಪಾಗಲಿಲ್ಲ.

ತಪಾಸಣೆ ಕೋಣೆಯಲ್ಲಿ ಉದ್ದನೆಯ ಉಕ್ಕಿನ ಮೇಜು, ಮೇಲೆ ಬಿಳಿ ದೀಪ. ಖರೀದಿ ಅಧಿಕಾರಿ ಕುರ್ಚಿಯಲ್ಲಿದ್ದರು. ಅವರ ಪಕ್ಕ ಟಾರ್ಚು ಹಿಡಿದ ಪರೀಕ್ಷಕರು ನಿಂತಿದ್ದರು. ಅಭ್ಯರ್ಥಿಯನ್ನು ಮೇಜಿನ ಮೇಲೆ ಮಲಗಿಸಲಾಯಿತು.

"ಹಾರಿದ ಅನುಭವ?" ಎಂದರು ಅಧಿಕಾರಿ.

ಅಭ್ಯರ್ಥಿ ಬಾಯಿ ತೆರೆದ. ಪರೀಕ್ಷಕರು ಕೈಯೆತ್ತಿ ತಡೆದರು. "ಭಾಗ ಮಾತಾಡೋ ಹಾಗಿಲ್ಲ. ತಯಾರಕರು ಹೇಳ್ಬೇಕು."

"ಚಿಕ್ಕವನಿದ್ದಾಗ ಛತ್ರಿ ಹಿಡ್ಕೊಂಡು ತಾರಸಿಯಿಂದ ಹಾರಿದ್ದ," ಎಂದಳು ಅಮ್ಮ.

"ಇಳಿದಿದ್ದು?"

"ಪಕ್ಕದ ಮನೆಯವರ ಮೇಲೆ."

"ಹಾನಿ?"

"ಇವನಿಗೆ ಮೊಣಕಾಲು ತರಚಿತ್ತು. ಅವರಿಗೆ ಸ್ವಲ್ಪ ಜಾಸ್ತಿ."

ಪರೀಕ್ಷಕರು ಪ್ಯಾಂಟು ಮೇಲೆತ್ತಿ ಟಾರ್ಚು ಬಿಟ್ಟರು. "ಇಳಿಯುವ ಚಕ್ರದ ಜಾಗದಲ್ಲಿ ಹಳೆಯ ಗೀರು. ಆಳವಿಲ್ಲ. ಸ್ವೀಕಾರಾರ್ಹ."

"ಛತ್ರಿ ಇದರ ಜೊತೆಗೇ ಬರುತ್ತಾ?" ಎಂದರು ಅಧಿಕಾರಿ.

"ಅದು ಅವತ್ತೇ ಮುರೀತು."

"ಹಾಗಾದ್ರೆ ಬಿಡಿ. ಸಹತಯಾರಕರು?"

"ಹಡಗಿನ ಕೆಲಸ ಅವರದು. ವರ್ಷಕ್ಕೊಂದ್ಸಲ ಬರ್ತಾರೆ."

"ಅಂದ್ರೆ ಏನಾದ್ರೂ ದೋಷ ಕಂಡ್ರೆ ಜವಾಬ್ದಾರಿ ನಿಮ್ಮದೇ."

"ಯಾವಾಗ್ಲೂ ನಂದೇ ಸಾರ್."

ತೂಕ ನಿಗದಿಗಿಂತ ತುಸು ಹೆಚ್ಚಿತ್ತು. ತೂಕ ಇಳಿಸಲು, ಬಲಕ್ಕೆ ಬೇಕಿಲ್ಲದ ಜಾಗ ನೋಡಿ ತೂತು ಕೊರೆಯುವುದು ವಿಮಾನದ ಕೆಲಸದಲ್ಲಿ ರೂಢಿ. ಪರೀಕ್ಷಕರು ಅಂಥ ಜಾಗಕ್ಕಾಗಿ ಅಭ್ಯರ್ಥಿಯ ಸುತ್ತ ಒಂದು ಸುತ್ತು ಬಂದು, ತಲೆಯ ಹತ್ತಿರ ನಿಂತು ಯೋಚಿಸಿದರು.

"ರಾತ್ರಿ ಊಟ ಕಮ್ಮಿ ಹಾಕ್ತೀನಿ ಬಿಡಿ," ಎಂದಳು ಅಮ್ಮ. ಅದನ್ನು ಪರ್ಯಾಯ ವಿಧಾನವೆಂದು ಅಂಗೀಕರಿಸಲಾಯಿತು.

ಅಭ್ಯರ್ಥಿ ಮಲಗಿದಲ್ಲಿಂದಲೇ ಕೀಲಿನ ನಕ್ಷೆಯನ್ನು ಮೆಲ್ಲನೆ ಮುಂದೆ ಚಾಚಿದ. ಅಧಿಕಾರಿ ಅದನ್ನು ಮಡಚಿ ಅವನ ಜೇಬಿಗೇ ಹಾಕಿದರು. "ಒಂದು ಭಾಗ ಇನ್ನೊಂದು ಭಾಗಕ್ಕೆ ಶಿಫಾರಸು ಮಾಡಬಾರದು. ನಿಯಮ ಇದೆ." ಆಮೇಲೆ ಅಮ್ಮನ ಕಡೆ ತಿರುಗಿದರು. "ಎರಡು ನಗ ತಂದು ಒಳ್ಳೇದು ಮಾಡಿದ್ರಿ. ಒಂದನ್ನ ಮುರಿಯೋ ತನಕ ಪರೀಕ್ಷೆ ಮಾಡ್ತೀವಿ. ಎಷ್ಟಕ್ಕೆ ಮುರೀತು ಅಂತ ಗೊತ್ತಾದ್ಮೇಲೆ ಇನ್ನೊಂದನ್ನ ಕೂಡಿಸ್ತೀವಿ."

ಅಮ್ಮ ತಮ್ಮನನ್ನು ನೋಡಿದಳು. ಗೂಟ ಮಾವ ಆಗಲೇ ಒಂದು ಕುರ್ಚಿ ಹುಡುಕಿಕೊಂಡಿದ್ದ.

"ಎರಡೂ ಒಂದೇ ಸಾಮಗ್ರಿಯವು ತಾನೇ?" ಎಂದರು ಪರೀಕ್ಷಕರು.

"ಒಂದೇ ಥಾನಿನ ಬಟ್ಟೆ ಸಾರ್. ತಮ್ಮಂದು ಕಿಟಕಿ ಬಿಸಿಲಿಗೆ ಸ್ವಲ್ಪ ಬಣ್ಣ ಹೋಗಿದೆ ಅಷ್ಟೆ."

"ಅಕ್ಕಾ, ಏನು ಮಾಡ್ಬೇಕಂತೆ ನಾನು?"

"ಕೂತ್ಕೋಬೇಕಂತೆ ಕಣೋ."

"ಅಷ್ಟೇನಾ?"

ಡಿಸೈನ್ ಎಂಜಿನಿಯರನ್ನು ಮುರಿಯಲು ಅಂಗೀಕೃತ ಸಾಧನ ಒಂದೇ: ಪರಿಶೀಲನಾ ಸಭೆ. ವಿಮಾನದ ಶೌಚಾಲಯದ ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೆ ತೆರೆಯಬೇಕೋ ಎಂಬ ವಿಷಯದ ಸಭೆ ಆ ಕಾರ್ಖಾನೆಯಲ್ಲಿ ಬಹಳ ಕಾಲದಿಂದ ನಡೆಯುತ್ತಿತ್ತು, ವಿಮಾನವಿನ್ನೂ ಶುರುವಾಗಿರಲಿಲ್ಲ. ಮಾವನನ್ನು ಅಲ್ಲಿಗೆ ಕರೆದೊಯ್ದರು. ಬಾಗಿಲ ಬಳಿ ಅಭ್ಯರ್ಥಿ ಅವನ ಕೈ ಹಿಡಿದುಕೊಂಡ.

"ಮಾವ, ದಮ್ಮಯ್ಯ ಅಂತೀನಿ, ತಕ್ಷಣ ಮುರ್ಕೋಬೇಡಿ. ನೀವು ಬೇಗ ಮುರಿದ್ರೆ ನಾನೂ ಲಡ್ಡು ಹಿಡಿದ ಮಾಲು ಅಂದ್ಕೋತಾರೆ. ಸಂಜೆ ತನಕ ತಡ್ಕೊಳ್ಳಿ, ಆಮೇಲೆ ನಿಮ್ಮಿಷ್ಟ."

"ಊಟ ಒಳಗೇ ಕೊಡ್ತಾರಂತಾ?"

"ಕೊಡ್ತಾರೆ."

"ನೋಡೋಣ ಬಿಡು."

ಅಭ್ಯರ್ಥಿ ಗಾಜಿನ ಗೋಡೆಗೆ ಮೂಗು ಒತ್ತಿ ನಿಂತ. ಒಳಗೆ ಚರ್ಚೆ ಮೊದಲು ಹೊರಕ್ಕೆ ವಾಲಿತು, ಊಟದ ಹೊತ್ತಿಗೆ ಒಳಕ್ಕೆ ವಾಲಿತು. ಮಾವ ಕೊಟ್ಟ ಊಟದ ಡಬ್ಬಿ ಖಾಲಿ ಮಾಡಿ, ಕಾಲು ಚಾಚಿ, ಎಲ್ಲರ ಮುಖವನ್ನೂ ಸರದಿಯಂತೆ ಪ್ರೀತಿಯಿಂದ ನೋಡುತ್ತಿದ್ದ. ಸಂಜೆ ಸಭೆ ಇನ್ನೇನು ಮುಗಿಯಿತು ಎನ್ನುವಾಗ ಅವನು ಮೊದಲ ಬಾರಿಗೆ ಬಾಯಿಬಿಟ್ಟ.

"ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಮೊದಲಿಂದ ಹೇಳ್ತೀರಾ?"

ರೆಕ್ಕೆ ವಿಭಾಗದ ಮುಖ್ಯಸ್ಥರು ಎದ್ದು ನಿಂತು, ತಮಗೆ ಚಿಕ್ಕಂದಿನಿಂದಲೂ ಆಡು ಸಾಕುವ ಆಸೆಯಿತ್ತೆಂದು ಹೇಳಿ ಹೊರಟುಹೋದರು. ಬಾಲ ವಿಭಾಗದವರು ಮೇಜಿನ ಕೆಳಗೆ ಇಳಿದು ಮತ್ತೆ ಮೇಲೆ ಬರಲಿಲ್ಲ. ಅಧ್ಯಕ್ಷರು ಹೇಳಲು ಶುರುಮಾಡಿ, ನಡುವೆ ನಿಲ್ಲಿಸಿ, ಬಾಗಿಲು ಅಂದರೇನು ಎಂದು ಕೇಳಿದರು. ಮಾವ ವಿವರಿಸಿದ.

ಪರೀಕ್ಷಕರು ಹೊರಬಂದು ಫಲಿತಾಂಶ ಓದಿದರು: "ಮಾದರಿ ಮುರಿದಿಲ್ಲ. ಪರೀಕ್ಷಾ ಯಂತ್ರ ಮುರಿದಿದೆ."

ಅಭ್ಯರ್ಥಿ ಖುಷಿಯಿಂದ ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ಅಧಿಕಾರಿ ಗಂಭೀರವಾಗಿ ಬಂದು ಮಾವನ ಕೈಕುಲುಕಿದರು.

"ಅಭಿನಂದನೆ. ಪರೀಕ್ಷೆಗೆ ಒಳಪಟ್ಟೂ ಮುರಿಯದೆ ಉಳಿದದ್ದು ಸಾಬೀತಾದ ಭಾಗ. ಸಾಬೀತಾದ ಭಾಗ ಕೈಯಲ್ಲಿರುವಾಗ ಅದನ್ನೇ ಕೂಡಿಸತಕ್ಕದ್ದು. ನೀವು ನಾಳೆಯಿಂದ ಡಿಸೈನ್ ಎಂಜಿನಿಯರ್."

"ಅದೇ ಕುರ್ಚಿನಾ?" ಎಂದ ಮಾವ.

"ಸಾರ್," ಎಂದ ಅಭ್ಯರ್ಥಿ ಅಮ್ಮನನ್ನು ಕೆಳಗಿಳಿಸುತ್ತ, "ಮಾವ ಎಂಜಿನಿಯರ್ ಅಲ್ಲ."

"ಪರೀಕ್ಷೆಯಲ್ಲಿ ಅಂಥದ್ದೇನೂ ಕಂಡುಬಂದಿಲ್ಲ."

"ಅವರಿಗೆ ಮೂವತ್ತು ದಾಟಿ ಯಾವ ಕಾಲವಾಯ್ತು."

"ವಯಸ್ಸಿನ ಮಿತಿ ಪರೀಕ್ಷೆಯಾಗದ ಭಾಗಕ್ಕೆ ಮಾತ್ರ."

"ಹಾಗಾದ್ರೆ ನಾನು?" ಅವನ ಕಣ್ಣ ಮುಂದೆ ಫ್ರಿಜ್ಜಿನ ಬಾಗಿಲುಗಳು ಒಂದರ ಹಿಂದೊಂದು ತೆರೆದುಕೊಂಡು ನಿಂತವು.

"ನೀವೂ ಆಯ್ಕೆಯಾಗಿದೀರಿ," ಎಂದರು ಅಧಿಕಾರಿ. "ಕೂಡಿಸಿದ ಪ್ರತಿಯೊಂದಕ್ಕೂ ಸ್ಟೋರಿನಲ್ಲಿ ಒಂದು ಬಿಡಿಭಾಗ ಇರಬೇಕು. ಹುದ್ದೆ ಅದೇ. ಸಂಬಳ ಅದೇ. ಕೂಡಿಸಿರಲ್ಲ, ಅಷ್ಟೇ ವ್ಯತ್ಯಾಸ."

"ತಿಂಗಳ ಕೊನೆಗೆ ನನಗೂ ಮೂವತ್ತಾಗುತ್ತೆ ಸಾರ್."

"ಪೊಟ್ಟಣ ಬಿಚ್ಚೋ ತನಕ ವಯಸ್ಸು ಎಣಿಸೋದಿಲ್ಲ."

ಅಮ್ಮ ಮಗನ ಕಾಲರು ಸರಿಮಾಡುತ್ತ ಅಧಿಕಾರಿಯನ್ನು ಕೇಳಿದಳು: "ಮಡಚಿ ಇಡಲ್ಲ ತಾನೇ? ಇಸ್ತ್ರಿ ಕೆಡುತ್ತೆ."

"ಉದ್ದಕ್ಕೇ ಇಡ್ತೀವಮ್ಮ."

"ಹಾಗಾದ್ರೆ ಹೋಗು ಪುಟ್ಟ. ವಿಮಾನದ ಕೆಲಸ ಬೇಕು ಅಂತಿದ್ದೆ, ಸಿಕ್ತಲ್ಲ."

ಸ್ಟೋರು ಚೊಕ್ಕಟವಾಗಿತ್ತು. ಕಪಾಟಿನ ಅಂಕಣಗಳಲ್ಲಿ ಮೆತ್ತನೆಯ ಸ್ಪಂಜು ಹಾಸಿ, ಬಿಡಿಭಾಗಗಳನ್ನು ಮಲಗಿಸಿದ್ದರು. ಅಭ್ಯರ್ಥಿಯ ಕೊರಳಿಗೆ "ಸೇವೆಗೆ ಯೋಗ್ಯ" ಎಂಬ ಹಳದಿ ಚೀಟಿ ಕಟ್ಟಿದರು. ಮೇಲಿನ ಅಂಕಣದಲ್ಲಿ ರೆಕ್ಕೆ ವಿಭಾಗದ ಮುಖ್ಯಸ್ಥರ ಬಿಡಿಭಾಗವಿತ್ತು, ಗಡ್ಡ ಬೆಳೆದಿತ್ತು. ಅವರ ಜಾಗಕ್ಕೆ ಕೂಡಿಸಲು ಅಂದೇ ಅದನ್ನು ಇಳಿಸಿಕೊಂಡು ಹೋದರು. ಹೋಗುವಾಗ ಅದು ಎಲ್ಲ ಅಂಕಣಗಳ ಮುಂದೆಯೂ ನಿಂತು, "ತಾಳ್ಮೆ ಇರ್ಲಿ, ನಿಮ್ಮ ಕಾಲವೂ ಬರುತ್ತೆ," ಎಂದಿತು. ಅಭ್ಯರ್ಥಿಗೆ ಎದೆ ತುಂಬಿ ಬಂತು.

ಗೂಟ ಮಾವ ಊಟದ ಬಿಡುವಿನಲ್ಲಿ ಅಕ್ಕ ಕಟ್ಟಿಕೊಟ್ಟ ಎರಡು ಡಬ್ಬಿ ಹಿಡಿದು ಬರುತ್ತಿದ್ದ. ಒಮ್ಮೆ ಅಭ್ಯರ್ಥಿ ಕೀಲಿನ ನಕ್ಷೆಯನ್ನು ಅವನ ಕೈಲಿ ಕಳಿಸಿ, ಮರುದಿನ ಕೇಳಿದ.

"ಮೀಟಿಂಗಲ್ಲಿಟ್ರಾ ಮಾವ?"

"ಇಟ್ಟೆ."

"ಏನಂದ್ರು?"

"ಏನೂ ಅನ್ಲಿಲ್ಲ. ಮೊದಲಿಂದ ಹೇಳಿ ಅಂದೆ, ಇಬ್ರು ಮುರಿದ್ರು. ಪಾಪ, ಒಬ್ಬ ತುಂಬ ಓದಿದೋನು."

ಹೀಗೆ ಮಾವ ಕೂತ ಪ್ರತಿ ಸಭೆಯ ನಂತರವೂ ಸ್ಟೋರಿನಿಂದ ಯಾರಾದರೊಬ್ಬರನ್ನು ಇಳಿಸಿಕೊಂಡು ಹೋಗುವುದು ಸಾಮಾನ್ಯವಾಯಿತು. ಕಪಾಟು ಖಾಲಿಯಾಗುತ್ತ ಬಂತು. ಆಡಳಿತ ಮಂಡಳಿ ಇದನ್ನು ಸ್ಟೋರಿನ ಸದ್ಬಳಕೆ ಎಂದು ಶ್ಲಾಘಿಸಿ ಮಾವನಿಗೆ ಬಡ್ತಿ ಕೊಟ್ಟಿತು. ಪ್ರಧಾನ ವಿನ್ಯಾಸಕರಿಗೆ ಕೈಯಿರುವ ಕುರ್ಚಿ. ಅಮ್ಮ ಅಳತೆ ತೆಗೆಯುವಾಗ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು: "ಮಗ, ತಮ್ಮ, ಇಬ್ರೂ ವಿಮಾನದಲ್ಲೇ."

ಕಡೆಗೆ ಕಪಾಟಿನಲ್ಲಿ ಅಭ್ಯರ್ಥಿಯೊಬ್ಬನೇ ಉಳಿದ. ಅವನನ್ನು ಹೊರತೆಗೆಯಬೇಕಾದರೆ ಮಾವ ಮುರಿಯಬೇಕು. ನಿಯಮ ಸ್ಪಷ್ಟವಾಗಿತ್ತು.

ಸ್ಟೋರಿನ ಇನ್ನೊಂದು ನಿಯಮದಂತೆ, ವಿಮಾನದ ಟೈರುಗಳನ್ನು ಒಂದೇ ಕಡೆ ಊರಿ ಚಪ್ಪಟೆಯಾಗದಂತೆ ಆಗಾಗ ಹೊರಳಿಸಿಡತಕ್ಕದ್ದು. ಟೈರುಗಳನ್ನು ಮುಗಿಸಿಕೊಂಡು ಸ್ಟೋರ್‌ಕೀಪರ್ ಅಭ್ಯರ್ಥಿಯ ಅಂಕಣಕ್ಕೆ ಬಂದ.

"ಸ್ವಲ್ಪ ಮಗ್ಗುಲಾಗಿ ಸಾರ್."

"ಮಾವ ಹೇಗಿದಾರಪ್ಪ?"

"ಗುಂಡುಕಲ್ಲಿನ ಹಾಗಿದಾರೆ. ಈಗ ಬಾಗಿಲು ಬೇಕೇ ಬೇಡವೇ ಅನ್ನೋ ಮೀಟಿಂಗು ಶುರು ಮಾಡ್ಸಿದಾರೆ. ಯಾವ ಕಡೆ ತಿರುಗಿಸ್ಲಿ?"

ಅಭ್ಯರ್ಥಿ ಯೋಚಿಸಿದ. ಬಾಗಿಲ ಕಡೆ ತಿರುಗಿದರೆ ಯಾರಾದರೂ ಬರುವುದು ಕಾಣುತ್ತಿತ್ತು.

"ಗೋಡೆ ಕಡೆಗೇ ಇರ್ಲಿ," ಎಂದ. "ಬೆಳಕು ಕಣ್ಣಿಗೆ ಹೊಡೆಯಲ್ಲ."