ಕಡಲಸಿಂಹ ಹಿಡಿದ ಸೀಟು

ನನ್ನ ಭಾವಮೈದುನನ ಜೊತೆ ಎಲ್ಲಿಗೆ ಹೋದರೂ ಏನಾದರೊಂದು ಆಗದೆ ಇರುವುದಿಲ್ಲ. ಭಾವಮೈದುನ ಎಂದರೆ ನನ್ನ ಹೆಂಡತಿಯ ತಮ್ಮ, ಮಳವಳ್ಳಿ ಕಡೆಯ ಕಬ್ಬು ಬೆಳೆಗಾರ. ನಾನು ಮದ್ದೂರಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಜ್ವಾಲಾಮುಖಿಯಿಂದ ಎದ್ದ ದ್ವೀಪಗಳನ್ನು, ಅಲ್ಲಿನ ಪ್ರಾಣಿಗಳನ್ನು ನೋಡಬೇಕೆಂದು ಗ್ಯಾಲಪಗೋಸಿಗೆ ಹೊರಟೆ. ಅದು ಪೆಸಿಫಿಕ್ ಸಾಗರದ ನಡುವೆ ಇದೆ. "ಒಬ್ರೇ ಹೋದ್ರೆ ತಪ್ಪಿಸ್ಕೊತೀರ ಭಾವ" ಎಂದು ಅವನೂ ಹೊರಟ.

ಗಂಟು

ದ್ವೀಪಕ್ಕೆ ಹೊರಗಿನ ಬೀಜ ಒಯ್ಯುವಂತಿಲ್ಲ. ಇವನ ಬ್ಯಾಗಿನಲ್ಲಿ ಅವರೆಕಾಳು ಒಂದು ಗಂಟು, ರಾಗಿ ಒಂದು ಗಂಟು. "ಯಾತಕ್ಕೆ?" ಎಂದ ವಿಮಾನ ನಿಲ್ದಾಣದ ತಪಾಸಣೆ ಅಧಿಕಾರಿ.

"ಜಾಗ ಸೆನ್ನಾಗಿದ್ರೆ ಬಿತ್ತನ ಅಂತ."

ನಾನು ಹೆದರಿ, "ಊಟಕ್ಕೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆದರೂ ಎರಡೂ ಗಂಟು ಕಿತ್ತುಕೊಂಡರು.

"ನೋಡಿದ್ರಾ? ಅವ್ರೇ ಬಿತ್ಕೊತಾರೆ!"

ಆಮೆ

ಕಣ್ಣು ಹಾಯಿಸಿದಷ್ಟೂ ಕರಿ ಲಾವಾ. ನನಗೆ ಮೈ ಜುಮ್ಮೆಂದಿತು. "ನಾಲೆ ತರ್ದೆ ಪಾಳು ಬುಟ್ಟವ್ರೆ" ಎಂದು ಇವನು ಮರುಗಿದ. ಮುಂದೆ ಹಸಿರು ಗುಡ್ಡದಲ್ಲಿ ಒಂದು ದೈತ್ಯ ಆಮೆ. ಅದಕ್ಕೆ ನೂರು ವರ್ಷ ದಾಟಿದೆಯೆಂದು ಗೈಡ್ ಪಿಸುಗುಟ್ಟಿದ.

"ನೂರು ವರ್ಸದಿಂದ ಇಲ್ಲೇ ಅವ್ನಂತೆ. ಒಂದು ಬೋರು ಕೊರ್ಸಿಲ್ಲ!"

ಸೀಟು

ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವಲು ಎಸೆದರೆ ಆ ಸೀಟು ಎಸೆದವನದು. ಇವನು ದೋಣಿಕಟ್ಟೆಯ ಬೆಂಚಿನ ಮೇಲೂ ಟವಲು ಹಾಸಿ ಎಳನೀರಿಗೆ ಹೋದ. ಆ ಟವಲಿನಲ್ಲಿ ನಮ್ಮಿಬ್ಬರ ಪಾಸ್‌ಪೋರ್ಟ್ ಸುತ್ತಿಟ್ಟಿದ್ದ. ಬರುವಷ್ಟರಲ್ಲಿ ಅದರ ಮೇಲೆ ಸೀಲ್ ಜಾತಿಯ ಒಂದು ಕಡಲಸಿಂಹ ಮಲಗಿ ಗೊರಕೆ ಹೊಡೆಯುತ್ತಿತ್ತು.

"ಏಯ್, ಏಳ್ಲಾ! ಟವಲ್ ಕಾಣಾಕಿಲ್ವಾ?"

ಗೈಡ್ ಓಡಿ ಬಂದ. ಪ್ರಾಣಿಗಳನ್ನು ಮುಟ್ಟಬಾರದು, ಎಬ್ಬಿಸಬಾರದು, ಎರಡು ಮೀಟರ್ ದೂರ ನಿಲ್ಲಬೇಕು. ಅಷ್ಟರಲ್ಲಿ ನಮ್ಮ ದೋಣಿ ಹಾರನ್ ಹೊಡೆಯಿತು. ಅದು ತಪ್ಪಿದರೆ ಊರಿಗೆ ಹೋಗುವ ವಿಮಾನವೂ ತಪ್ಪುತ್ತಿತ್ತು.

ಟವಲಿನ ಮೇಲೆ ಕೂತವನ ಕಾಲರ್ ಹಿಡಿಯುವ ನನ್ನ ಭಾವಮೈದುನ, ಎರಡು ಮೀಟರ್ ಅಳೆದು ನಿಂತು ಕೈಮುಗಿದ.

"ಅಣ್ಣಾ, ಮುಂದಿನ ಸ್ಟಾಪಲ್ಲಿ ಇಳೀತೀಯಾ?"

ಎರಡನೇ ಹಾರನ್ನಿಗೆ ಅದು ಕಣ್ಣು ಬಿಟ್ಟು, ಆಕಳಿಸಿ, ಇಳಿಯಿತು. ಪಾಸ್‌ಪೋರ್ಟ್ ಸಿಕ್ಕಿತು. ಟವಲಿಗೆ ಮಾತ್ರ ಕೊಳೆತ ಮೀನಿನ ನಾತ. ಎಷ್ಟು ಒಗೆದರೂ ಹೋಗಲಿಲ್ಲ.

ಊರಿಗೆ ಬಂದು ಮದ್ದೂರಿನಲ್ಲಿ ಬಸ್ಸು ಹತ್ತುವಾಗ ಅದನ್ನೇ ಕಿಟಕಿಯಿಂದ ಎಸೆದ. ಬಸ್ಸು ತುಂಬಿ ಜನ ನೇತಾಡುತ್ತಿದ್ದರೂ ಮಳವಳ್ಳಿಯವರೆಗೆ ಆ ಸೀಟಿನ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಎರಡು ಮೀಟರ್ ದೂರವೇ ನಿಂತಿದ್ದರು, ನಾನೂ ಸೇರಿ.