ಒಂದು ಮಾರು ದೂರ

ಮೂರನೇ ತರಗತಿಯ ಮೇಷ್ಟ್ರು ಆ ಬೆಳಿಗ್ಗೆ ಷೂ ಲೇಸು ಕಟ್ಟುತ್ತಲೇ ಪ್ರತಿಜ್ಞೆ ಮಾಡಿದರು: "ಇವತ್ತು ನನ್ನ ಇಪ್ಪತ್ತೆಂಟು ಮಕ್ಕಳಲ್ಲಿ ಒಬ್ಬರ ಬೆರಳೂ ಒಂದು ಚಿತ್ರಕ್ಕೂ ತಾಗಲ್ಲ. ನೋಡ್ತಿರು."

ಮಕ್ಕಳನ್ನು ಅವತ್ತು ಕರೆದೊಯ್ಯಬೇಕಿದ್ದ ಚಿತ್ರಸಂಗ್ರಹಾಲಯದಲ್ಲೇ ಅವರ ಹೆಂಡತಿಗೆ ಕಾವಲಿನ ಕೆಲಸ. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಾ, "ನೋಡ್ತಿರೋಕೇ ತಾನೆ ನನಗೆ ಸಂಬಳ ಕೊಡೋದು?" ಎಂದರು.

ಮೇಷ್ಟ್ರ ಜಂಬದ ಹಿಂದೆ ಭಯವೂ ಇತ್ತು. ಒಂದೇ ಒಂದು ದೂರು ಬಂದರೂ ಇನ್ನು ಮುಂದೆ ಯಾವ ತರಗತಿಗೂ ಪ್ರವಾಸವಿಲ್ಲ ಎಂದು ಹೆಡ್‌ಮಿಸ್ಸು ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕೇ ಮೇಷ್ಟ್ರು ವಾರವಿಡೀ ಕವಾಯತು ಮಾಡಿಸಿದ್ದರು. ಎರಡೂ ಕೈ ಬೆನ್ನ ಹಿಂದೆ. ಚಿತ್ರದಿಂದ ಒಂದು ಮಾರು ದೂರ. ಮುಟ್ಟಿದವರು ಹೊರಗೆ ಬರುವವರೆಗೂ ಇನ್ನೊಬ್ಬರ ಕೈ ಹಿಡಿದೇ ನಡೆಯಬೇಕು!

ಮಕ್ಕಳು ಬಂಗಾರ. ಮೂರು ಕೋಣೆ ದಾಟಿದರೂ ಒಂದು ಕೈಯೂ ಮುಂದೆ ಬರಲಿಲ್ಲ. ಮೂಗು ತುರಿಸಿದರೆ ಪಕ್ಕದವರ ಭುಜಕ್ಕೆ ಉಜ್ಜಿಕೊಂಡರು. ಮೇಷ್ಟ್ರ ಎದೆ ಉಬ್ಬಿ ಅಂಗಿ ಬಿಗಿಯಾಯಿತು.

ನಾಲ್ಕನೇ ಕೋಣೆಯಲ್ಲಿ, ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳು ಕೇಳಿದಳು, "ಸಾರ್, ಒಂದು ಮಾರು ಅಂದ್ರೆ ನಿಮ್ಮ ಮಾರಾ, ನಮ್ಮ ಮಾರಾ?"

ಎಂಥ ಪ್ರಶ್ನೆ! ಇಂಥ ಬುದ್ಧಿವಂತೆಗೆ ಬಾಯಿಮಾತಿನ ಉತ್ತರ ಸಾಕೇ? "ನನ್ನದು. ನೋಡಿಲ್ಲಿ," ಎಂದು ಮೇಷ್ಟ್ರು ಎರಡೂ ತೋಳನ್ನು ಹದ್ದಿನ ರೆಕ್ಕೆಯಂತೆ ಚಾಚಿದರು. ಬಲಗೈ ಗಾಳಿಯಲ್ಲಿ ನಿಂತಿತು. ಎಡಗೈ ಒಂದು ಬಂಗಾರದ ಚೌಕಟ್ಟಿಗೆ ಹೋಗಿ ಬಡಿಯಿತು. ಎಚ್ಚರಿಕೆಯ ಗಂಟೆ ಕಿರುಚಿಕೊಂಡಿತು. ಅಲ್ಲಿಯವರೆಗೆ ನೆಮ್ಮದಿಯಾಗಿ ತೇಲುತ್ತಿದ್ದ ಚಿತ್ರದ ಹಡಗು ಚೌಕಟ್ಟಿನ ಸಮೇತ ವಾಲಿತು.

ಹೆಂಡತಿ ದೂರಿನ ಚೀಟಿ ಹಿಡಿದು ಬಂದರು. "ಯಾರು ಮುಟ್ಟಿದ್ದು?"

ಮೇಷ್ಟ್ರಿಗೆ ಮುಂದಿನ ವರ್ಷ ಬರಬೇಕಾದ ಮಕ್ಕಳೆಲ್ಲ ಕಣ್ಣ ಮುಂದೆ ಬಂದರು. ಅವರು ತೊದಲುವಷ್ಟರಲ್ಲಿ ಹಲ್ಲುಬಿದ್ದ ಹುಡುಗಿ ಮುಂದೆ ಬಂದು, "ನಾನು, ಆಂಟಿ" ಎಂದಳು. ಅವಳ ಎರಡೂ ಕೈ ಇನ್ನೂ ಬೆನ್ನ ಹಿಂದೆಯೇ ಇದ್ದವು.

ಮೇಷ್ಟ್ರು ಹುಡುಗಿಗೆ ಅಡ್ಡ ಬಂದು ನಿಂತರು. "ಅವಳಲ್ಲ ಕಣೇ. ನಾನು. ಬರ್ಕೋ."

"ಗೊತ್ತು. ಬಾಗಿಲಲ್ಲಿ ನಿಂತು ನೋಡ್ತಾನೇ ಇದ್ದೆ."

ಹೆಂಡತಿ ಹಡಗನ್ನು ನೆಟ್ಟಗೆ ಮಾಡಿ, ಚೀಟಿ ಬರೆದು ಮಡಚಿ ಮೇಷ್ಟ್ರ ಜೇಬಿಗೇ ಇಟ್ಟರು. ಹುಡುಗಿ ಬಂದು ಮೇಷ್ಟ್ರ ಕೈ ಹಿಡಿದುಕೊಂಡಳು. ನಿಯಮ ಅಂದರೆ ನಿಯಮ. ಹೊರಬಾಗಿಲು ದಾಟುವವರೆಗೂ ಬಿಡಲಿಲ್ಲ.

ಮರುದಿನ ಹೆಡ್‌ಮಿಸ್ಸು ಚೀಟಿಯನ್ನು ಗಟ್ಟಿಯಾಗಿ ಓದಿದರು: "ಮಕ್ಕಳ ಮೇಲೆ ಯಾವ ದೂರೂ ಇಲ್ಲ. ಪ್ರತಿ ವರ್ಷ ಕಳುಹಿಸಿ. ಮೇಷ್ಟ್ರನ್ನೂ ಕಳುಹಿಸುವುದಾದರೆ, ಬಾಗಿಲಿನಿಂದಲೇ ಅವರ ಕೈ ಹಿಡಿದುಕೊಳ್ಳಲು ಜವಾಬ್ದಾರಿಯುತ ವಿದ್ಯಾರ್ಥಿಯೊಬ್ಬರನ್ನು ನೇಮಿಸಿ."