ನನ್ನ ನೂರನೆಯ ಹಕ್ಕಿ

ದುರ್ಬೀನು ಹಿಡಿದವರೆಲ್ಲ ಹಕ್ಕಿ ನೋಡುತ್ತಾರೆಂದು ನೀವು ನಂಬಿದ್ದರೆ, ಆ ನಂಬಿಕೆ ಕೆಡಿಸಲು ನನಗೆ ಸಂಕೋಚವಾಗುತ್ತದೆ. ನಾನು ನಿವೃತ್ತನಾದ ಮೇಲೆ ಹಿಂದವಾಡಿಯ ನಮ್ಮ ಓಣಿಯ ಪಾಟೀಲ ಮಾಸ್ತರು ನನ್ನನ್ನು ತಮ್ಮ ಹಕ್ಕಿ ನೋಡುವ ಗುಂಪಿಗೆ ಸೇರಿಸಿಕೊಂಡರು. ಮೊದಲ ರವಿವಾರವೇ ಒಂದು ಮರ ತೋರಿಸಿ, "ಮೂರನೇ ಟೊಂಗಿ, ಎಲಿ ಹಿಂದ. ಕಂಡ್ತೇನ್ರಿ?" ಎಂದರು. ದುರ್ಬೀನಿನಲ್ಲಿ ನನಗೆ ಕಂಡದ್ದು ನನ್ನದೇ ರೆಪ್ಪೆಗೂದಲು. ಹಿಂದೆ ಆರು ಜನ ತಮ್ಮ ಸರದಿಗೆ ಕಾಯುತ್ತಿದ್ದರು. "ಹೂನ್ರಿ, ಕಂಡ್ತು!" ಎಂದುಬಿಟ್ಟೆ. ಆಮೇಲೆ ಅದೇ ಚಟವಾಯಿತು. ಮಾಸ್ತರು ಹೆಸರು ಹೇಳುವುದು, ನಾನು ಗೋಣು ಹಾಕಿ ವಹಿಯಲ್ಲಿ ಬರೆದುಕೊಳ್ಳುವುದು. ವರ್ಷದೊಳಗೆ ಪಟ್ಟಿ ತೊಂಬತ್ತೊಂಬತ್ತಕ್ಕೆ ಬಂತು. ನಿಜವಾಗಿ ಕಂಡವು ಕಾಗೆ, ಗುಬ್ಬಿ, ಪಾರಿವಾಳ ಮಾತ್ರ. ಅವು ನಮ್ಮ ಮನೆಯ ಗಚ್ಚಿಯ ಮೇಲೇ ಇದ್ದವು. "ಇಷ್ಟ ಹಕ್ಕಿ ಕಂಡವರಿಗೆ ಮೂಗಿನ ಮ್ಯಾಲಿನ ಚಾಳೀಸ ಯಾಕ ಕಾಣವಲ್ದು?" ಎಂದು ಹೆಂಡತಿ ಶಾಂತಾ ಕೇಳುತ್ತಲೇ ಇದ್ದಳು.

ನನ್ನ ನೂರನೆಯ ಹಕ್ಕಿಯ ಸಂಭ್ರಮಕ್ಕೆಂದು ಮಾಸ್ತರು ಕುಂದಾ ಮಿಠಾಯಿಯ ಡಬ್ಬಿ ತಂದಾಗ ಮಾತ್ರ ನಾಚಿಕೆಯಾಯಿತು. ಇದೊಂದನ್ನಾದರೂ ಕಣ್ಣಾರೆ ಕಂಡೇ ಗೋಣು ಹಾಕಬೇಕೆಂದು ಹಟ ತೊಟ್ಟೆ. ಪಾರಿಶ್ವಾಡದ ಹೊಲದ ಬದುವಿನಲ್ಲಿ ಯಾವುದೋ ಹೊಸ ನೆಲಗುಬ್ಬಿ ಎಂದರು. "ಇಲ್ರಿ, ಕಾಣಲಿಲ್ಲ" ಎಂದೆ. ಮಲಪ್ರಭೆಯ ದಂಡೆಯಲ್ಲಿ ಹಳದಿ ಕಾಲಿನ ನೀರಹಕ್ಕಿ ಎಂದರು. ನನಗೆ ನೀರಷ್ಟೇ ಕಂಡಿತು. "ಇವತ್ತ ನಿಮ್ಮ ಕಣ್ಣಿಗೆ ಏನಾಗೇತ್ರಿ?" ಎಂದು ಮಾಸ್ತರು ಗಾಬರಿಯಾದರು. ಉಳಿದವರು ಕುಂದಾದ ಡಬ್ಬಿಯನ್ನೂ ನನ್ನನ್ನೂ ನೋಡಿ ನಿಟ್ಟುಸಿರುಬಿಟ್ಟರು.

ಗುಂಜಿಯ ಕಾಡಂಚಿಗೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಎಲ್ಲರೂ ಬಲಗಡೆಯ ಪೊದೆಗೆ ದುರ್ಬೀನು ನೆಟ್ಟಿದ್ದರು. ಕುತ್ತಿಗೆ ನೊಂದು ನಾನು ದುರ್ಬೀನು ಇಳಿಸಿ ಎಡಕ್ಕೆ ತಿರುಗಿದೆ. ಆಲದ ಮರದ ಮೇಲೆ ಸಾಕ್ಷಾತ್ ಮಂಗಟ್ಟೆ! ದೊಡ್ಡ ಹಳದಿ ಕೊಕ್ಕು, ಅದರ ಮೇಲೊಂದು ಟೊಪ್ಪಿಗೆ. ಹಣ್ಣೊಂದನ್ನು ಮೇಲಕ್ಕೆ ಚಿಮ್ಮಿ ಗುಳುಕ್ಕನೆ ನುಂಗಿತು. ಇಷ್ಟು ಚಂದದ ಜೀವ ಇಷ್ಟು ದಿನ ಇಲ್ಲೇ ಇತ್ತೇ ಎಂದು ನನಗೆ ಕಣ್ಣೀರೇ ಬಂತು. "ಅಲ್ಲಿ ನೋಡ್ರಿ, ಮಂಗಟ್ಟಿ! ಕಂಡ್ತೇನ್ರಿ?" ಎಂದು ಕೂಗಿದೆ.

ಏಳು ದುರ್ಬೀನುಗಳು ಏಳು ದಿಕ್ಕಿಗೆ ತಿರುಗಿದವು. ಆಲದ ಮರದ ಕಡೆ ಮಾತ್ರ ಒಂದೂ ಇರಲಿಲ್ಲ.

"ಹೂನ್ರಿ, ಕಂಡ್ತು! ಏನ ಚಂದ ಐತ್ರಿ!" ಎಂದರು ಎಲ್ಲರೂ. ಪಾಟೀಲ ಮಾಸ್ತರ ದನಿಯೇ ಎಲ್ಲಕ್ಕಿಂತ ಜೋರಾಗಿತ್ತು.

ಅಂದಿನ ಕುಂದಾದ ರುಚಿ ಇನ್ನೂ ನಾಲಿಗೆಯ ಮೇಲಿದೆ. ಮನೆಗೆ ಬಂದವನೇ ಶಾಂತಾಳ ಎದುರಿಗೇ ಕಾಣದ ಹಕ್ಕಿಗಳನ್ನೆಲ್ಲ ವಹಿಯಿಂದ ಹೊಡೆದುಹಾಕಿದೆ. ಮಂಗಟ್ಟೆ ಸೇರಿ ನಾಲ್ಕು ಉಳಿದವು. ಮುಂದಿನ ರವಿವಾರ ಮಾಸ್ತರು ಒಂದು ಪೊದೆ ತೋರಿಸಿ, "ಕಂಡ್ತೇನ್ರಿ?" ಎಂದರು. ಪೊದೆಯೇನೋ ಚೆನ್ನಾಗಿಯೇ ಕಂಡಿತು.

ಪಟ್ಟಿಯಲ್ಲಿ ಈಗ ಐದು ಹಕ್ಕಿಗಳಿವೆ.